ಚಾಕಣ್‌ದಾಗ ಠೇಕೇದಾರ್ ಕಡಿ ಕೆಲಸ ಬಿಟ್ಟು ಅಪ್ರೆಂಟಿಸ್‌ಗೆ ಹೋಗ್ಲೇನ್ರಿ? ಪುಣೆದಾಗ ಇದ್ದವ್ರು ಹೇಳ್ರಿ

ಭೀಮಾ ದಂಡಿ ಹುಡುಗ:

ನಮಸ್ಕಾರ್ರೀ ಎಲ್ಲರಿಗೂ. ನಮ್ದು ಅಫಜಲಪುರ ತಾಲ್ಲೂಕು. ಐಟಿಐ ಫಿಟ್ಟರ್ ಮುಗಿಸೀನಿ. ಕಲಬುರಗಿದಾಗ ಕೆಲಸ ಹುಡುಕಿ ಹುಡುಕಿ ಸಾಕಾಗಿ, ನಮ್ಮೂರವ್ರೊಬ್ರು ಬಾ ಅಂದ್ರು ಅಂತ ಚಾಕಣ್‌ಗ ಬಂದೀನಿ. ಗಾಡಿ ಪಾರ್ಟ್ಸ್ ಮಾಡೋ ಕಂಪನಿ, ಆದ್ರ ಕಂಪನಿ ರೋಲ್ ಅಲ್ಲ, ಠೇಕೇದಾರ್ ಕಡಿ. ಫಿಟ್ಟರ್ ಅಂತ ಕರ್ಕೊಂಡ್ ಬಂದು ಪ್ಯಾಕಿಂಗ್ ಲೈನಿಗೆ ನಿಲ್ಸ್ಯಾರ, ಇಲ್ಲಿ ಬಂದ್ಮ್ಯಾಲ ಮೈಕ್ರೋಮೀಟರ್ ಕೈಲೇ ಮುಟ್ಟಿಲ್ಲ. 12 ತಾಸು ಶಿಫ್ಟ್, ಓಟಿ ಸೇರಿ ಕೈಗೆ 16 ಸಾವಿರದ ಆಸುಪಾಸು ಬರ್ತದ. ಅದ್ರಾಗ ಕಾಟ್ ಬೇಸಿಸ್ ರೂಮು (ಒಂದು ಮಂಚಕ್ಕಷ್ಟ ಬಾಡಿಗಿ), ಊಟದ ಡಬ್ಬಾ, ಮನಿಗೆ 6 ಸಾವಿರ. ಉಳಿಯೂದೇನು ನಿಮಗೇ ಗೊತ್ತು.

ಈಗ ಠೇಕೇದಾರ್ ಹೇಳ್ತಾನ, ಆರು ತಿಂಗ್ಳ ಆತು ಇನ್ನ ಬ್ರೇಕ್ ತಗೋ, ಆಮ್ಯಾಲ ಬಾ ಬ್ಯಾರೆ ಕಂಪನಿಗೆ ಹಾಕ್ತೀನಿ ಅಂತ. ಇದೇ ಹೊತ್ತಿಗೆ ದೊಡ್ಡ ಕಂಪನಿಯೊಂದ್ರಾಗ ಅಪ್ರೆಂಟಿಸ್ ತಗೊಳ್ಳಕತ್ತಾರ, ಒಂದು ವರ್ಷ, ಸ್ಟೈಪೆಂಡ್ 11 ಸಾವಿರ, ಕ್ಯಾಂಟೀನ್ ಬಸ್ಸು ಎರಡೂ ಅದಾವ. ಪಗಾರ ಕಮ್ಮಿ ಆಗ್ತದಲ್ಲ, ಮನ್ಯಾಗ ಹ್ಯಾಂಗ ಹೇಳ್ಬೇಕು ತಿಳಿವಲ್ದು. ನಮ್ಮ ಅಪ್ಪಗ ಸ್ಟೈಪೆಂಡ್ ಅಂದ್ರ ಅದು ಪಗಾರೇ ಅಲ್ಲ.

ಇನ್ನೊಬ್ಬ ಏಜೆಂಟ್ ಅದಾನ, ಮಹಾರಾಷ್ಟ್ರ ಸರ್ಕಾರದ ಟ್ರೇನಿಂಗ್ ಯೋಜನಾ ಅದ, ಐಟಿಐದವ್ರಿಗೆ ತಿಂಗ್ಳಿಗೆ 8 ಸಾವಿರ, 1500 ಕೊಡು ಹೆಸರು ಹಚ್ತೀನಿ ಅಂತಾನ. ಖರೇ ಏನ್ರಿ ಇದು? ಭಾಷಾದು ತ್ರಾಸಿಲ್ಲ, ಗಾಣಗಾಪುರಕ್ಕ ಬರೋ ಭಕ್ತರು ಬಾಳ ಮಂದಿ ಮಹಾರಾಷ್ಟ್ರದವ್ರೇ, ಸಣ್ಣಂದಿರತ್ಲೇ ಮರಾಠಿ ಕಿವಿಮ್ಯಾಲ ಬಿದ್ದದ.

ಭೋಸರಿ ಕಾಕಾ:

ತಮ್ಮಾ, ನಾ ಇಂಡಿ ಕಡ್ಯಾಂವ. ಭೋಸರಿ ಎಂಐಡಿಸಿಗೆ, ಅಂದ್ರ ಪುಣೆ ಕಡಿ ಕೈಗಾರಿಕಾ ಪ್ರದೇಶಕ್ಕ, ಬಂದು ತಲಿ ಬೆಳ್ಳಗಾಗೇತಿ. ಹೋಗೂದು ಬಿಡೂದು ಆಮ್ಯಾಲ ಮಾತಾಡೋಣು, ಮೊದ್ಲ ಒಂದು ಕೆಲಸ ಮಾಡು. ಪಿಎಫ್ ಕಟ್ ಆಗಾಕತ್ತೈತೇನು? ಸ್ಲಿಪ್‌ನ್ಯಾಗ ಕಟ್ ಆಗಿದ್ದು ಕಂಡ್ರ ಸಾಲೂದಿಲ್ಲ, ಕಟ್ಟ್ಯಾರೇನು ಅಂತ ನೋಡಬೇಕು. ಯುಎಎನ್‌ಗೆ (ನಿನ್ನ ಪಿಎಫ್ ನಂಬರ್) ಜೋಡಿಸಿದ ಮೊಬೈಲಿಂದ 9966044425ಕ್ಕ ಮಿಸ್ಡ್ ಕಾಲ್ ಕೊಡು, ಎಷ್ಟು ಜಮಾ ಆಗೇತಿ ಅಂತ ಮೆಸೇಜ್ ಬರ್ತೈತಿ. ನಿನ್ನ ಪಾಲು ಶೇಕಡಾ 12 ಕಟ್ ಮಾಡಿ ಕಿಸೆಕ್ಕ ಇಟ್ಕೊಂಡು ಓಡಿಹೋದ ಠೇಕೇದಾರರನ್ನ ನಾ ಕಣ್ಣಾರೆ ನೋಡೀನಿ.

ಈ ಬ್ರೇಕ್ ಅನ್ನೂದು ಯಾಕಂದ್ರ ಹುಡುಗ ಒಂದೇ ಕಡೆ ವರ್ಷಗಟ್ಲೆ ಇದ್ರ ಕಾಯಂ ಮಾಡ್ರಿ ಅಂತ ಕೇಳ್ತಾನ, ಗ್ರಾಚ್ಯುಟಿ ಕೇಳ್ತಾನ, ಯೂನಿಯನ್ ಕಡಿ ಹೋಗ್ತಾನ, ಅದಕ್ಕ ಆರು ತಿಂಗ್ಳಿಗೆ ಕಿತ್ತಿ ಬ್ಯಾರೆ ಗೇಟಿಗೆ ಒಗೀತಾರ, ಅಲ್ಲೊಬ್ಬ ಹೊಸಾ ಠೇಕೇದಾರ, ಆಂವ ಹಳೇ ಯುಎಎನ್ ಕೇಳೂದೇ ಇಲ್ಲ ಹೊಸಾದು ಮಾಡಿ ಬಿಡ್ತಾನ, ಹಿಂಗ ನಾಕು ಠೇಕೇದಾರರು ಆದ್ರು ಅಂದ್ರ ನಾಕು ಕಡೆ ರೊಕ್ಕ ಸಿಕ್ಕಿಹಾಕ್ಕೊಂಡಿರ್ತೈತಿ. ಯುಎಎನ್ ಜೀವಮಾನಕ್ಕ ಒಂದ. ಎಲ್ಲಿ ಸೇರಿದ್ರೂ ಅದನ್ನ ಬರ್ಸು, ಹಳೇದನ್ನ ಟ್ರಾನ್ಸ್‌ಫರ್ ಹಾಕು. ಹಬ್ಬಕ್ಕೊಮ್ಮೆ ರೊಕ್ಕ ತಕ್ಕೊಂಡು ಖಾಲಿ ಮಾಡಬ್ಯಾಡ, ಪೆನ್ಶನ್‌ಗೆ 10 ವರ್ಷದ ಸರ್ವಿಸ್ ಕೂಡಬೇಕು, ತಕ್ಕೊಂಡವ್ರದು ಎಲ್ಲಿ ಕೂಡ್ತೈತಿ.

ಠೇಕೇದಾರ ಪಗಾರ ಕೊಡ್ಲಿಲ್ಲಂದ್ರ ಮೂಲ ಕಂಪನಿನ ಕೊಡಬೇಕು, ಪಿಎಫ್ ಕಟ್ಲಿಲ್ಲಂದ್ರೂ ಅವ್ರದ ಹೊಣಿ. ಕಾನೂನಿನ್ಯಾಗ ಹಂಗ ಐತಿ. ಆದ್ರ ನೀ ಆ ಗೇಟಿನೊಳಗ ದುಡದಿ ಅಂತ ತೋರ್ಸಾಕ ನಿನ್ನ ಕೈಯಾಗ ಏನರ ಇರಬೇಕಲ್ಲ? ಗೇಟ್ ಪಾಸ್ ಫೋಟೋ ಹೊಡ್ಕೊಂಡಿಟ್ಗೊ, ಸ್ಲಿಪ್ ಇಟ್ಗೊ, ಪಗಾರ ಬ್ಯಾಂಕಿಗೇ ಹಾಕಿಸ್ಗೊ. ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಠೇಕೇದಾರನ ಹತ್ರ ಇದ್ರ ಇವತ್ತ ಇಸ್ಕೊಂಡು ಬಾ.

ಮಲೆನಾಡು ಟು ಪಿಂಪ್ರಿ:

ನಾನು ಇಲ್ಲೇ ಒಂದು ಕಂಪನೀಲಿ ಎಚ್‌ಆರ್‌ನಲ್ಲಿದೀನಿ, ಶಿವಮೊಗ್ಗದವಳು. ಕಾಕಾ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, 2025ರ ನವೆಂಬರ್ 21ಕ್ಕೆ ಹೊಸ ಲೇಬರ್ ಕೋಡ್‌ಗಳು ಜಾರಿಗೆ ಬಂದವು, ಅದರ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು. ಬಾಯಲ್ಲಿ ಹೇಳಿ ಲೈನಿಗೆ ನಿಲ್ಸೋದು ಇನ್ನೂ ನಡೀತಾ ಇದೆ, ಅದು ಬೇರೆ ಮಾತು. ಆದ್ರೂ ಕೇಳಿ.

ಏಜೆಂಟ್‌ಗೆ ಒಂದು ರೂಪಾಯಿನೂ ಕೊಡಬೇಡಿ. ಅವನು ಹೇಳ್ತಿರೋ ಯೋಜನೆ ನಿಜ, ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಶುರು ಮಾಡಿದ ಮುಖ್ಯಮಂತ್ರಿ ಯುವಾ ಕಾರ್ಯ ಪ್ರಶಿಕ್ಷಣ ಯೋಜನೆ, ಐಟಿಐ ಮತ್ತು ಡಿಪ್ಲೊಮಾದವರಿಗೆ 8,000 ಅಂತ ಇಟ್ಟಿದ್ರು. ಆದ್ರೆ ಅದು ಮಹಾರಾಷ್ಟ್ರದ ನಿವಾಸಿಗಳಿಗೆ. ಅಫಜಲಪುರದ ಆಧಾರ್ ಇಟ್ಕೊಂಡು ನಿಮಗೆ ಸಿಗಲ್ಲ, 1500 ಹೋಗುತ್ತೆ ಅಷ್ಟೆ. ನಮ್ಮ ಕಡೆ ಯುವನಿಧಿನೂ ಡಿಗ್ರಿ, ಡಿಪ್ಲೊಮಾದವರಿಗೆ ಮಾತ್ರ, ಇಲ್ಲಿಗೆ ಬಂದ ನಮ್ಮ ಕಡೆಯ ಐಟಿಐ ಹುಡುಗರು ಎರಡೂ ರಾಜ್ಯದಲ್ಲಿ ಹೊರಗೇ ನಿಂತಿರ್ತಾರೆ. ನನಗಂತೂ ಇದು ಅನ್ಯಾಯ ಅನ್ಸುತ್ತೆ, ಲೈನ್ ನಡೆಸೋರೇ ಅವರು.

ಈಗ ಅಪ್ರೆಂಟಿಸ್ ವಿಷಯ. 2019ರ ನಿಯಮದಲ್ಲಿ ಐಟಿಐ ಪಾಸಾದವರಿಗೆ ಕನಿಷ್ಠ ಸ್ಟೈಪೆಂಡ್ 7,000, ಹಾಗಾಗಿ 11 ಸಾವಿರ ಅಂದ್ರೆ ಪರವಾಗಿಲ್ಲ. ಅದರಲ್ಲಿ 1,500ರವರೆಗೆ ಕೇಂದ್ರ ಸರ್ಕಾರ ನೇರ ನಿಮ್ಮ ಖಾತೆಗೆ ಹಾಕುತ್ತೆ, ಅದು ಬೇರೆಯಾಗಿ ಬರೋದ್ರಿಂದ ಮೊದಲ ತಿಂಗಳು ಕಮ್ಮಿ ಬಂತು ಅಂತ ಗಾಬರಿ ಆಗಬೇಡಿ. ಆದ್ರೆ ಸೇರೋ ಮುಂಚೆ ಮೂರು ಕೇಳಿ: ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಕಾಂಟ್ರಾಕ್ಟ್ ಮಾಡ್ತಾರಾ, ಅದಕ್ಕೆ ನಂಬರ್ ಇದೆಯಾ, ಟ್ರೇಡ್ ಅಂತ ಏನು ಬರೆದಿದಾರೆ. ಇಲ್ಲಿ ಸುಮ್ನೆ "ಟ್ರೇನಿ" ಅಂತ ಕರೆದು ಏಜೆನ್ಸಿ ಮೂಲಕ ತಗೊಳ್ಳೋರು ತುಂಬಾ ಇದಾರೆ. ಹಿಂದೆ ನೀಮ್ ಅನ್ನೋ ಕೇಂದ್ರದ ಟ್ರೇನಿಂಗ್ ಯೋಜನೇಲಿ ನೀಮ್ ಟ್ರೇನಿ ಅಂತ ಇತ್ತಲ್ಲ, ಅದು ನಿಂತ್ರೂ ಚಾಳಿ ನಿಂತಿಲ್ಲ.

ಕಡಲತಡಿ ಕಾಂದಿವಲಿ:

ಮುಂಬೈಯಿಂದ ನಾನು. ಎಲ್ಲರೂ ಅಪ್ರೆಂಟಿಸ್ ಹೋಗು ಅಂತ ದೂಡ್ತಾ ಇದ್ದೀರಿ ಮಾರಾಯ್ರೆ, ಇನ್ನೊಂದು ಬದಿಯನ್ನೂ ಹೇಳಿ. ಕಾನೂನಿನಲ್ಲಿ ಅಪ್ರೆಂಟಿಸ್ ಅಂದ್ರೆ ಟ್ರೇನಿ, ಕೆಲಸಗಾರ ಅಲ್ಲ. ಪಿಎಫ್ ಇಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡ್ಲೇಬೇಕು ಅಂತ ಕಂಪನಿಗೆ ಏನೂ ಕಟ್ಟುಪಾಡು ಇಲ್ಲ. ಅಪ್ರೆಂಟಿಸ್ ಹುಡುಗರನ್ನೇ ಇಟ್ಟುಕೊಂಡು ಲೈನ್ ಓಡಿಸಿ, ವರ್ಷ ಆದ ಕೂಡ್ಲೆ ಹೊಸ ಬ್ಯಾಚ್ ತರುವವರಿದ್ದಾರೆ. ನನ್ನ ಅಕ್ಕನ ಮಗನಿಗೆ ಹಾಗೇ ಆಯ್ತು. ಅವನು ಕಡೆಗೆ ಸಣ್ಣ ವರ್ಕ್‌ಶಾಪಿನಲ್ಲಿ ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮೆಷಿನ್) ಸೆಟ್ಟಿಂಗ್ ಕಲಿತ, ಈಗ ಅವನನ್ನು ಹುಡುಕಿಕೊಂಡು ಬರ್ತಾರೆ. ದೊಡ್ಡ ಗೇಟಿನ ಮೋಹ ಬಿಟ್ಟು ಭೋಸರಿಯಂಥಾ ಕಡೆ ಸಣ್ಣ ಟೂಲ್‌ರೂಮ್ (ಅಚ್ಚು, ಉಪಕರಣ ಮಾಡುವ ವರ್ಕ್‌ಶಾಪ್) ಸಿಗ್ತದಾ ನೋಡು, ಪಗಾರ ಹೆಚ್ಚುಕಡಿಮೆ ಇದ್ದರೂ ಕೈಗೆ ಕೆಲಸ ಬರ್ತದೆ.

ಭೋಸರಿ ಕಾಕಾ:

ಸಣ್ಣ ವರ್ಕ್‌ಶಾಪ್ ಖರೇ, ಕಲಿಯಾಕ ಅದರಂಥಾದ್ದಿಲ್ಲ. ಆದ್ರ ಅಲ್ಲಿ ಇಎಸ್‌ಐ, ಅಂದ್ರ ಕಾರ್ಮಿಕರ ಆರೋಗ್ಯ ವಿಮಾ, ಇರಂಗಿಲ್ರಿ ಬಾಳ ಕಡೆ. ಪ್ರೆಸ್ಸಿನ್ಯಾಗ ಬೆರಳು ಹೋದ್ರ ಯಾರ ನೋಡ್ತಾರ? ಇಎಸ್‌ಐ ಇತ್ತಂದ್ರ ಚಿಂಚವಡ ಮೋಹನನಗರದ ದವಾಖಾನಿಗರ ಹೋಗಬಹುದು. 21 ಸಾವಿರದೊಳಗ ಪಗಾರ ಇದ್ದವ್ರಿಗೆ ನಮ್ಮ ಕಡಿಂದ ಮುಕ್ಕಾಲು ಪರ್ಸೆಂಟ್ ಅಷ್ಟ ಕಟ್ ಆಗೂದು, ಅದನ್ನೂ ಉಳ್ಸಾಕ ನೋಡ್ತಾರ ಮಾಲಕರು.

ಶರಣಪ್ರಕಾಶ ನಗರದಾಂವ:

ಕಲಬುರಗಿದಾಂವ, ಈಗ ವಾಕಡ್‌ದಾಗ ಅದೀನಿ. ತಮ್ಮಾ, ನಿನ್ನ 371ಜೆ ಸರ್ಟಿಫಿಕೇಟ್ ಮಾಡಿಸಿದ್ದೀಯೋ ಇಲ್ಲೋ? ಅಫಜಲಪುರದಾಂವ ಅಂದ್ರ ನಿನಗ ಹಕ್ಕದ. ನಮ್ಮ ಭಾಗದ ಸರ್ಕಾರಿ ನೌಕರಿದಾಗ ಸಿ ಗ್ರೂಪಿನ್ಯಾಗ ಶೇ. 80, ಡಿ ಗ್ರೂಪಿನ್ಯಾಗ ಶೇ. 85 ಸ್ಥಳೀಯರಿಗೆ ಮೀಸಲದ. ಪುಣೆದಾಗ ಕುಂತು ಅದನ್ನ ಮರೀಬ್ಯಾಡ, ಮುಂದ ಸುಟ್ಟಿಗೆ ಊರಿಗೆ ಹೋದಾಗ ಅರ್ಜಿ ಹಾಕಿ ಬಾ. ಮತ್ತ ಅಪ್ರೆಂಟಿಸ್ ಮಾಡಿದ್ರ ರೈಲ್ವೆದಾಗ ಶೇ. 20 ಮೀಸಲು ಸಿಗ್ತದ ಅಂತ ವಾಟ್ಸಾಪ್‌ನ್ಯಾಗ ತಿರುಗ್ತದಲ್ಲ, ಅದು ರೈಲ್ವೆ ವರ್ಕ್‌ಶಾಪಿನ್ಯಾಗೇ ಅಪ್ರೆಂಟಿಸ್ ಮಾಡಿದವ್ರಿಗೆ. ಖಾಸಗಿ ಕಂಪನಿದು ನಡಿಯಂಗಿಲ್ಲ.

ಮನಿಗೆ ಕಳಿಸೋದ್ರಾಗ ಕಡಿಮಿ ಬೀಳ್ತದಂದ್ರ, ನಿಮ್ಮ ಮನಿ ರೇಷನ್ ಕಾರ್ಡಿನ್ಯಾಗ ನಿನ್ನ ಹೆಸರು ಇತ್ತಂದ್ರ ನಿನ್ನ ಪಾಲಿನ ಧಾನ್ಯ ಇಲ್ಲೇ ತಗೊಬಹುದು, ಬೆರಳು ಒತ್ತಿದ್ರಾತು. ಡಬ್ಬಾದ ಖರ್ಚಿನ್ಯಾಗ ಒಂದೀಟು ಉಳೀತದ, ರೂಮಿನ್ಯಾಗ ಅಡಗಿ ಮಾಡ್ಲಿಕ್ಕಿ ಬಿಟ್ರ.

ಭೀಮಾ ದಂಡಿ ಹುಡುಗ:

ಎಲ್ಲರಿಗೂ ಶರಣ್ರೀ. ಕಾಕಾ ಹೇಳ್ದಂಗ ಮಿಸ್ಡ್ ಕಾಲ್ ಕೊಟ್ಟೆ. ಸ್ಲಿಪ್‌ನ್ಯಾಗ ಪ್ರತಿ ತಿಂಗ್ಳೂ ಕಟ್ ಆಗ್ಯಾದ, ಮೆಸೇಜ್ ನೋಡಿದ್ರ ಕಡೀಕಿನ ಎರಡು ತಿಂಗ್ಳದ್ದು ಜಮಾನೇ ಇಲ್ಲ. ಠೇಕೇದಾರಗ ಕೇಳಿದ್ರ ಸರ್ವರ್ ಡೌನ್ ಅದ ಅಂತಾನ.

ಅಕ್ಕಾರೆ, ಅಪ್ರೆಂಟಿಸ್ ಲೆಟರ್ ಕೇಳ್ಕೊಂಡು ನೋಡೀನಿ. ಪೋರ್ಟಲ್ ಅದ, ಕಾಂಟ್ರಾಕ್ಟ್ ನಂಬರ್ ಸೇರಿದ್ಮ್ಯಾಲ ಕೊಡ್ತೀವಿ ಅಂದ್ರು. ಆದ್ರ ಟ್ರೇಡ್ ಅನ್ನೋ ಜಾಗದಾಗ ಫಿಟ್ಟರ್ ಅಂತ ಇಲ್ಲ, ಅಸೆಂಬ್ಲಿ ಆಪರೇಟರ್ ಅಂತ ಅದ. ಇದ್ರಿಂದ ಏನಾದ್ರೂ ಫರಕ್ ಬೀಳ್ತದೇನ್ರಿ?

ಮಲೆನಾಡು ಟು ಪಿಂಪ್ರಿ:

ಬೀಳುತ್ತೆ, ತುಂಬಾನೇ. ಫಿಟ್ಟರ್ ಅನ್ನೋದು ಡೆಸಿಗ್ನೇಟೆಡ್ ಟ್ರೇಡ್, ಅಂದ್ರೆ ಸರ್ಕಾರ ಗೊತ್ತುಮಾಡಿದ್ದು, ವರ್ಷ ಮುಗಿಸಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆದ್ರೆ ಎನ್‌ಎಸಿ, ಅಂದ್ರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ, ಸರ್ಕಾರಿ ಕಂಪನಿ ನೋಟಿಫಿಕೇಶನ್‌ಗಳಲ್ಲಿ "ಐಟಿಐ ಜೊತೆ ಎನ್‌ಎಸಿ" ಅಂತ ಕೇಳ್ತಾರಲ್ಲ ಅದೇ ಅದು. ನಿಮಗೆ ಕೊಡ್ತಿರೋದು ಆಪ್ಷನಲ್ ಟ್ರೇಡ್ (ಕಂಪನಿನೇ ಗೊತ್ತುಮಾಡ್ಕೊಂಡಿದ್ದು) ಥರ ಕಾಣ್ತಿದೆ, ಅದಕ್ಕೆ ಬೇರೆ ಸರ್ಟಿಫಿಕೇಟ್, ಆ ಎನ್‌ಎಸಿ ಬರಲ್ಲ. ಕಂಪನಿಗೆ ಸುಲಭ ಅಂತ ಹೀಗೆ ಮಾಡ್ತಾರೆ. ನಾಳೆ ಹೋಗಿ ನನ್ನ ಐಟಿಐ ಫಿಟ್ಟರ್, ಫಿಟ್ಟರ್ ಟ್ರೇಡ್‌ನಲ್ಲೇ ಕಾಂಟ್ರಾಕ್ಟ್ ಮಾಡಿ ಅಂತ ಕೇಳಿ. ದೊಡ್ಡ ಕಂಪನಿಗಳಲ್ಲಿ ಎರಡೂ ಥರ ಸೀಟು ಇರುತ್ತೆ, ಕೇಳಿದವರಿಗೆ ಕೊಡ್ತಾರೆ ಕೆಲವು ಸಲ. ಫಿಟ್ಟರ್ ಸಿಕ್ರೆ 5 ಸಾವಿರ ಕಮ್ಮಿ ಆದ್ರೂ ಹೋಗಿ. ಅಸೆಂಬ್ಲಿ ಆಪರೇಟರ್ ಅಂತಲೇ ಹಠ ಹಿಡಿದ್ರೆ ನಾನಾಗಿದ್ರೆ ಹೋಗ್ತಿರ್ಲಿಲ್ಲ, ಕಾಂದಿವಲಿಯವರು ಹೇಳಿದ ಹಾಗೆ ಟೂಲ್‌ರೂಮ್ ನೋಡ್ತಿದ್ದೆ.

ಭೋಸರಿ ಕಾಕಾ:

ಸರ್ವರ್ ಡೌನ್ ಅಂತ! ಎರಡು ತಿಂಗ್ಳ ಯಾವ ಸರ್ವರ್ ಮಲಗತೈತೋ. ಜಗಳ ಆಡಬ್ಯಾಡ ತಮ್ಮಾ, ಕೆಲಸ ಬಿಡೂಕಿಂತ ಮೊದ್ಲ ಸ್ಲಿಪ್ಪು, ಗೇಟ್ ಪಾಸು ಎಲ್ಲಾ ಫೋಟೋ ಹೊಡಿ, ಕಂಪನಿ ಎಚ್‌ಆರ್‌ಗೆ ಒಂದು ಮೇಲ್ ಹಾಕು, ಎಂಟು ದಿನ ನೋಡು. ಆಗ್ಲಿಲ್ಲಂದ್ರ ಪಿಎಫ್‌ದವ್ರ ತಕ್ರಾರ್ ಪೋರ್ಟಲ್ ಐತಿ, ಆನ್‌ಲೈನ್ ಹಾಕೂಣು. ನನಗ ರವಿವಾರ ಸುಟ್ಟಿ, ಫಾರ್ಮ್ ತುಂಬಾಕ ಬರ್ಲಿಲ್ಲಂದ್ರ ಮೆಸೇಜ್ ಮಾಡು, ಆಕುರ್ಡಿ ಪಿಎಫ್ ಆಫೀಸಿಗೆ ಹೋಗೂದಾದ್ರ ಮಾತ್ರ ಸೋಮವಾರ ರಜಾ ಹಾಕಬೇಕು, ಮೊದ್ಲ ಹೇಳು.