ಪದಚರ್ಚೆ: ಕಂಪನಿಯ ‘ಪರಿಸರ ಹೊಣೆ’ ಅನ್ನಬಹುದಾ? ನಾಳೆಗೇ ಬೇಕು

ಸಕಲೇಶಪುರದಿಂದ:
ಗೆಳೆಯರೇ, ಕಾಫಿ ಕಂಪನಿಯೊಂದರ ವರದಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಲ್ಪಿಂಗ್ ನೀರನ್ನು (ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವಾಗ ಬರುವ ಕೊಳೆನೀರು) ಹಳ್ಳಕ್ಕೆ ಬಿಡದೆ ಹೊಂಡದಲ್ಲಿ ನಿಲ್ಲಿಸುವುದು, ಸುಣ್ಣ ಹಾಕಿ ಹುಳಿ ಇಳಿಸುವುದು, ಆಮೇಲೆ ಶುದ್ಧ ಮಾಡಿ ತೋಟಕ್ಕೇ ಹಾಯಿಸುವುದು, ಇಂಥ ಕೆಲಸಗಳಿಗೆಲ್ಲ ಒಂದು ತಲೆಬರಹ ಬೇಕು. ಗೇಟಿನ ಬೋರ್ಡಿಗೂ ಅದೇ ಪದ. ‘ಕಾರ್ಪೊರೇಟ್ ಪರಿಸರ ಉತ್ತರದಾಯಿತ್ವ’ ಅಂತ ಬರೆದರೆ ತೋಟದ ಕೆಲಸದವರು ಓದುತ್ತಾರಾ? ‘ಸಿಎಸ್‌ಆರ್’ (ಕಂಪನಿಗಳ ಸಾಮಾಜಿಕ ಜವಾಬ್ದಾರಿ) ಅಂದರೆ ಸಾಕಾ? ಪೇಂಟರ್ ನಾಳೆ ಬರುತ್ತಾರೆ.

ಹಾಸನದಿಂದ:
‘ಪರಿಸರ ಹೊಣೆ’. ಉತ್ತರದಾಯಿತ್ವ ಸಂಸ್ಕೃತ, ಜವಾಬ್ದಾರಿ ಪಾರಸಿ ಕಡೆಯದು. ಮನೆಯಲ್ಲೇ ಪದ ಇರುವಾಗ ಕಡ ಯಾಕೆ?

ಚಿಕ್ಕಮಗಳೂರಿನಿಂದ:
ಹೊಣೆಯೇ ಸರಿ. ಆದರೆ ಕಡದ ಮಾತು ಬಿಡಿ ಸರ್, ಕಾಫಿ, ಪಲ್ಪರ್, ಕಂಪನಿ ಎಲ್ಲ ಎಲ್ಲಿಂದ ಬಂದವು? ನನ್ನ ಕಾರಣ ಬೇರೆ. ಹೊಣೆ ಅಂದರೆ ಜಾಮೀನು. ಸಾಲಗಾರ ಕೈ ಎತ್ತಿದರೆ ಹೊಣೆ ನಿಂತವನೇ ಕಟ್ಟಬೇಕು. ಇಲ್ಲಿ ಕೈ ಎತ್ತಿರುವುದು ಕಾನೂನು. ನೀರು ಕೆಡಿಸುವುದನ್ನು ತಡೆಯುವ 1974ರ ಜಲ ಕಾಯ್ದೆ ಇದೆ. 2024ರ ತಿದ್ದುಪಡಿ ಅದರ ಹಲವು ತಪ್ಪುಗಳಿಗೆ ಜೈಲು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಇಟ್ಟಿತು. ಆದರೆ ಕುಯ್ಲಿನ ಕಾಲದಲ್ಲಿ ರಾತ್ರಿ ಹಳ್ಳಕ್ಕೆ ಬಿಟ್ಟ ನೀರು ಯಾರ ಪಲ್ಪರಿನದು ಅಂತ ಬೆಳಿಗ್ಗೆ ಹಿಡಿಯೋರು ಯಾರು? ಹೊಂಡ ತೋಡಿದವನಿಗೆ ಖರ್ಚು, ಸುಮ್ನೆ ಬಿಟ್ಟವನಿಗೆ ಉಳಿತಾಯ, ಇಬ್ಬರ ಕಾಫಿಗೂ ಒಂದೇ ರೇಟು. ಕೊಳ್ಳುವವರು ವಿಚಾರಿಸಿದಾಗ ಮಾತ್ರ ಈ ಲೆಕ್ಕ ತಿರುಗುತ್ತದೆ. ಯುರೋಪಿನ ಹೊಸ ನಿಯಮ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಅನ್ನುತ್ತದೆ, ನೋಡಿ. ಅದು ಕಾಡಿನ ಮಾತಾಯಿತು, ನೀರಿನ ಬಗ್ಗೆ ಕೇಳುವವರು ಇನ್ನೂ ಕಡಿಮೆ.

‘ಸಿಎಸ್‌ಆರ್’ ಖಂಡಿತ ಬೇಡ. ಅದು 2013ರ ಕಂಪನಿ ಕಾಯ್ದೆಯ 135ನೇ ಕಲಮು, ಮೂರು ವರ್ಷದ ಸರಾಸರಿ ಲಾಭದ 2% ಖರ್ಚು. ಕಂಪನಿಯ ಮಾಮೂಲಿ ವ್ಯವಹಾರದ ಕೆಲಸ ಅದರ ಲೆಕ್ಕಕ್ಕೇ ಬರುವುದಿಲ್ಲ. ಶಾಲೆಗೆ ಬೆಂಚು ಕೊಟ್ಟದ್ದು ಸೇವೆ. ತನ್ನ ಕೊಳೆನೀರು ಶುದ್ಧ ಮಾಡುವುದು ಸೇವೆ ಅಲ್ಲ. ಇವೆರಡನ್ನೂ ಒಂದೇ ತಲೆಬರಹದಡಿ ಹಾಕಬೇಡಿ.

ಬೋರ್ಡಿಗೆ ‘ಪಲ್ಪಿಂಗ್ ನೀರು ಕಂಪನಿಯ ಹೊಣೆ’. ವರದಿಗೆ ‘ಕಂಪನಿಯ ಪರಿಸರ ಹೊಣೆಗಾರಿಕೆ’.

ಹಾಸನದಿಂದ:
‘ಗಾರ’ ಬಂದದ್ದು ಸಂಸ್ಕೃತದ ‘ಕಾರ’ದಿಂದ. ಹೊಣೆ ಸಾಕು.