ಅನಿಮೇಶನ್ ಕಿರುಚಿತ್ರಕ್ಕೆ ಸದ್ದು: ಕಡಲು ಬರೀ ಸ್ಸ್ಸ್ ಅಂತದೆ, ಕೊನೆಗೆ ಸಿಂಕ್ ಬೇರೆ ತಪ್ತದೆ

ಬ್ಯಾಕ್‌ಬೆಂಚ್_ಕಾರವಾರ

ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟ್, 3 ನಿಮಿಷ 40 ಸೆಕೆಂಡಿನ 2ಡಿ ಅನಿಮೇಶನ್. ಮಾತಿಲ್ಲ. ಒಬ್ಬ ಅಜ್ಜ ಬೆಳಗಿನ ಜಾವ ಬೀಸುಬಲೆ ಹಿಡಿದು ಕಡಲಿಗೆ ಹೋಗ್ತಾನೆ, ಮಳೆ ಹಿಡೀತದೆ, ತಿರುಗಿ ಹೆಂಚಿನ ಮನೆಗೆ ಬರ್ತಾನೆ. ಚಿತ್ರ ಲಾಕ್ ಆಗಿದೆ, ಇನ್ನು ಒಂದು ಫ್ರೇಮೂ ಬದಲಾಗೋದಿಲ್ಲ. ಕೈಯಲ್ಲಿರೋದು ಒಂದು ಫೋನ್, ಎರವಲು ತಂದ ರೆಕಾರ್ಡರ್, ಮೂರು ವಾರ.

ಟಾಗೋರ್ ಕಡಲತೀರದಲ್ಲಿ ಅಲೆ ರೆಕಾರ್ಡ್ ಮಾಡಿದ್ರೆ ಸಿಗ್ನಲ್ ಹೋದ ಟಿವಿ ತರ ಕೇಳ್ತದೆ. ಬಲೆ ನೀರಿಗೆ ಬೀಳೋ ಸದ್ದನ್ನ ಬಕೆಟ್‌ನಲ್ಲಿ ಮಾಡಿದ್ರೆ ಬಕೆಟ್ಟೇ ಅಂತ ಗೊತ್ತಾಗ್ತದೆ. ಇನ್ನೊಂದು, ಹೆಜ್ಜೆ ಸದ್ದು ಮೊದಲ ದೃಶ್ಯದಲ್ಲಿ ಸರಿಯಾಗಿ ಕೂತಿದೆ, ಕೊನೆಗೆ ಬರುವಷ್ಟರಲ್ಲಿ ಐದು ಫ್ರೇಮ್ ತಡ. ಎಲ್ಲಿ ತಪ್ತಾ ಇದೆ?

ಮಿಕ್ಸಿಂಗ್‌ಮನೆ

ಮೊದಲು ಸಿಂಕ್. ಅದು ಸರಿಯಾಗದೆ ಬೇರೆ ಏನು ಮಾಡಿದರೂ ನೀರಲ್ಲಿ ಹೋಮ.

ಶುರುವಿಂದ ಕೊನೆವರೆಗೂ ಒಂದೇ ಅಳತೆಯಲ್ಲಿ ತಡ ಆಗಿದ್ದರೆ ಬ್ಲೂಟೂತ್ ಇಯರ್‌ಫೋನ್ ಅಂತಿದ್ದೆ. ಅದರಲ್ಲಿ 150–200 ಮಿಲಿಸೆಕೆಂಡ್ ತಡ ಮಾಮೂಲು, ಸಿಂಕ್ ನೋಡಲಿಕ್ಕೆ ಯಾವತ್ತೂ ತಂತಿಯ ಹೆಡ್‌ಫೋನೇ ಬೇಕು. ನಿಮ್ಮದು ಹೋಗ್ತಾ ಹೋಗ್ತಾ ಹೆಚ್ಚಾಗುವ ತಡ. ಹಾಗಾದರೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು. 3:40 ಅಂದರೆ 24ರ ಲೆಕ್ಕದಲ್ಲಿ 5280 ಫ್ರೇಮ್, ಸರಿಯಾಗಿ 220 ಸೆಕೆಂಡ್. ಅದೇ ಫ್ರೇಮುಗಳನ್ನು 23.976ರಲ್ಲಿ ಓಡಿಸಿದರೆ 220.22 ಸೆಕೆಂಡ್. ಆ 0.22 ಸೆಕೆಂಡೇ ನಿಮ್ಮ ಐದು ಫ್ರೇಮ್. ಸದ್ದು ಕೂರಿಸಲಿಕ್ಕೆ ಕೊಟ್ಟ ವಿಡಿಯೊ 23.976ರಲ್ಲಿ, ಅಂತಿಮ ಚಿತ್ರ 24ರಲ್ಲಿ ಎಕ್ಸ್‌ಪೋರ್ಟ್ ಆಗಿರಬೇಕು. ನೋಡಿ ಹೇಳಿ.

ಹೌದಾದರೆ ಎಲ್ಲವನ್ನೂ ಮಿಕ್ಸ್ ಮಾಡಿ ಎಳೆದು ಕುಗ್ಗಿಸಲಿಕ್ಕೆ ಹೋಗಬೇಡಿ. ರೀಪರ್ ಎಂಬ ಸದ್ದಿನ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡ್ತಿದ್ದರೆ ಪ್ರಾಜೆಕ್ಟ್ ಟೈಮ್‌ಬೇಸನ್ನು 'ಬೀಟ್ಸ್, ಪೊಸಿಶನ್ ಓನ್ಲಿ' ಎಂದಿಟ್ಟು ಟೆಂಪೊ 120 ಇದ್ದದ್ದನ್ನು 120.12 ಮಾಡಿ. ಪ್ರತಿ ತುಣುಕೂ ಜಾಗ ಮಾತ್ರ ಬದಲಿಸುತ್ತದೆ, ಉದ್ದ ಹಾಗೇ ಇರುತ್ತದೆ. ಆಮೇಲೆ ಹೊಸ 24ರ ವಿಡಿಯೊ ಇಟ್ಟು, ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ 48 ಫ್ರೇಮ್ ಮುಂಚೆ ಒಂದು ಫ್ರೇಮ್ ಉದ್ದದ 1 ಕಿಲೊಹರ್ಟ್ಜ್ ಬೀಪ್ ಹಾಕಿ. ಕೊನೆಯಲ್ಲೂ ಒಂದು. ಎರಡೂ ಕೂತರೆ ಮಧ್ಯದ್ದೆಲ್ಲ ಕೂತಿದೆ ಅಂತಲೇ ಅರ್ಥ.

ಇನ್ನು ಕಡಲು. ದೂರ ನಿಂತರೆ ಹತ್ತಾರು ಅಲೆ ಒಂದರ ಮೇಲೊಂದು ಬಿದ್ದು ಯಾವುದಕ್ಕೂ ಆಕಾರ ಉಳಿಯೋದಿಲ್ಲ, ಉಳಿಯೋದು ನಿಮ್ಮ ಸ್ಸ್ಸ್ ಒಂದೇ. ಅಲೆ ಕೊನೆಗೆ ಮರಳು ನೆಕ್ಕುವ ಗೆರೆಯಿಂದ ಎರಡು ಮೀಟರ್ ಹಿಂದೆ, ಮೊಣಕಾಲೆತ್ತರಕ್ಕೆ ಮೈಕ್ ಹಿಡಿಯಿರಿ. ಹತ್ತು ನಿಮಿಷ ರೆಕಾರ್ಡ್ ಮಾಡಿ, ಅದರಿಂದ ಬಿಡಿಬಿಡಿಯಾಗಿ ಕೇಳುವ ಎಂಟು ಅಲೆ ಕತ್ತರಿಸಿ. ನೊರೆ ಇಂಗುವ ಚರಚರ ಸದ್ದನ್ನು ಗೇಣು ದೂರದಿಂದ ಬೇರೆಯೇ ಹಿಡಿಯಿರಿ. ಮಿಕ್ಸ್‌ನಲ್ಲಿ ದೂರದ ಮೊರೆತಕ್ಕೆ 800 ಹರ್ಟ್ಜ್ ಮೇಲಿನದ್ದನ್ನು ಕತ್ತರಿಸಿ, ಕೇಳಿಯೂ ಕೇಳದ ಹಾಗೆ ತಳದಲ್ಲಿಡಿ. ಅದರ ಮೇಲೆ ಬಿಡಿ ಅಲೆಗಳನ್ನು ನಟನೆಯ ನಡುವಿನ ಖಾಲಿ ಜಾಗ ನೋಡಿ ಕೂರಿಸಿ. ಅಜ್ಜ ಬಲೆ ಬೀಸುವ ಕ್ಷಣಕ್ಕೆ ಅಲೆ ಒಡೆದರೆ ಎರಡೂ ಸತ್ತವು.

ಕಾರವಾರದಲ್ಲಿ ಹೆದ್ದಾರಿ 66 ತೀರದ ಬೆನ್ನಿಗೇ ಇದೆ, ಲಾರಿಯ ಗುಂಯ್ ತಪ್ಪಿಸುವುದು ಕಷ್ಟ. ಬೆಳಗಿನ ಜಾವ ಹೋಗಿ, ದಡಕ್ಕೆ ಎಳೆದಿಟ್ಟ ದೋಣಿಯ ಕಡಲ ಬದಿಗೆ ಕುಳಿತುಕೊಳ್ಳಿ. ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಲಾರಿ ಸದ್ದೂ ಅದೇ ದಿಕ್ಕಿಂದ. ಒಂದೇ ದೋಣಿ ಎರಡನ್ನೂ ತಡೆಯುತ್ತದೆ. ಮೈಕಿಗೆ ರೋಮದ ಕವಚ ಬೇಕೇ ಬೇಕು. ಗಾಳಿ ಬಡಿದು ಕ್ಲಿಪ್ ಆದದ್ದನ್ನು (ಮಟ್ಟ ಮೀರಿ ಒಡೆದ ಸದ್ದನ್ನು) ಯಾವ ಫಿಲ್ಟರೂ ಸರಿ ಮಾಡೋದಿಲ್ಲ. ರೆಕಾರ್ಡರ್ ಸೆಟ್ಟಿಂಗ್ 48 ಕಿಲೊಹರ್ಟ್ಜ್, 24 ಬಿಟ್, ಶಿಖರ −12 ಡೆಸಿಬೆಲ್ ದಾಟದ ಹಾಗೆ. ಫೋನ್ ಬಿಡಿ: ಅದರ ಗದ್ದಲ ನಿವಾರಣೆ ಅಲೆಯನ್ನೇ ಗದ್ದಲ ಅಂತ ತಿಳಿದು ಅದುಮುತ್ತದೆ.

ಅರಗಾ ಕಡೆ ನೌಕಾನೆಲೆಯ ಸುತ್ತ ಮಾತ್ರ ರೆಕಾರ್ಡರ್ ಹಿಡಿದು ತಿರುಗಬೇಡಿ.

ತದಡಿಗಾಳಿ

ಬಕೆಟ್ ಬಕೆಟ್ಟಿನ ಹಾಗೆ ಕೇಳೋದು ಅದರ ಖಾಲಿ ಗೋಡೆ ಗುಂಯ್‌ಗುಡೋದ್ರಿಂದ. ಅಗಲದ ಟಬ್ ತಗೊಳ್ಳಿ, ಒಳಗೋಡೆಗೆ ಹಳೇ ಟವೆಲ್ ಸುತ್ತಿ, ಅಡಿಗೊಂದು ಗೋಣಿ ಹಾಸಿ, ಅಂಚಿಗೆ ನಾಲ್ಕು ಬೆರಳು ಉಳಿಯುವಷ್ಟು ನೀರು ತುಂಬಿ. ಬೀಸುಬಲೆ ಬೀಳೋದು ಒಂದು 'ಧುಡುಂ' ಅಲ್ಲ. ಅಂಚಿನ ಸೀಸದ ಗುಂಡುಗಳು ಸುತ್ತಲೂ ಮೂರ್ನಾಲ್ಕು ಫ್ರೇಮಿನೊಳಗೆ ಚಳಚಳ ಬೀಳ್ತಾವೆ. ಒಂದು ಮುಷ್ಟಿ ಹುಣಸೆಬೀಜ ಹರಡಿ ಎಸೆಯಿರಿ, ನಾಲ್ಕೈದು ಸಲ. ಎರಡನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸರಿಸಿ ಒಟ್ಟಿಗೆ ಹಾಕಿ. ಅದಕ್ಕೂ ಮುಂಚಿನ ಬೀಸಿಗೆ ಸೊಳ್ಳೆಪರದೆ ಸಾಕು, ಮೈಕಿನ ಎದುರಿಂದಲ್ಲ, ಪಕ್ಕದಿಂದ ಬೀಸಿ, ಇಲ್ದಿದ್ರೆ ಗಾಳಿ ಹೊಡೀತದೆ.

ಹೆಜ್ಜೆಗೆ ನಿಜವಾದ ಮರಳು ತಂದು ತಟ್ಟೆಗೆ ಹಾಕಿ ನಿರಾಶರಾಗಬೇಡಿ, ಮೈಕಿನಲ್ಲಿ ಅದು ಏನೂ ಅಲ್ಲ. ಒಣ ಮರಳಿಗೆ ಸಾಣಿಕಟ್ಟೆಯ ದಪ್ಪ ಉಪ್ಪನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಅಂಗೈಯಿಂದ ಒತ್ತಿ. ಹಸಿ ಮರಳಿಗೆ ಅರ್ಧ ಹಿಂಡಿದ ಟವೆಲ್ ಮೇಲೆ ಅಂಗೈ ಇಟ್ಟು ಹಿಮ್ಮಡಿ, ಬೆರಳು ಅಂತ ಎರಡು ತುಂಡಾಗಿ ಒತ್ತಿ. ಚಿತ್ರ ಎರಡೆರಡು ಫ್ರೇಮಿಗೆ ಒಂದರಂತೆ ಬರೆದದ್ದಾದರೆ, ಕಾಲು ನೆಲ ಮುಟ್ಟಿದ ಚಿತ್ರದ ಮೊದಲ ಫ್ರೇಮಿಗೇ ಸದ್ದು. ಅರ್ಧ ಫ್ರೇಮ್ ತಡವಾದ್ರೆ ಯಾರೂ ಕೇಳೋದಿಲ್ಲ, ಮುಂಚೆ ಬಂದ್ರೆ ತಕ್ಷಣ ಗೊತ್ತಾಗ್ತದೆ.

ಮತ್ತೆ, ದಯವಿಟ್ಟು ಲೈಬ್ರರಿಯ ಆ ವಿದೇಶಿ ಕಡಲಕಾಗೆ ಕೂಗು ಹಾಕ್ಬೇಡಿ ಮಾರಾಯ್ರೆ! ನಮ್ಮಲ್ಲಿ ಕಡಲಕಾಗೆ ಚಳಿಗಾಲದ ಅತಿಥಿ. ನಿಮ್ಮ ಕತೆ ಮಳೆಗಾಲದ್ದು. ಕಾಗೆ ಹಾಕಿ, ಗರುಡ ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಹಿನ್ನೆಲೆಯಲ್ಲಿ ಟ್ರಾಲರ್ ಎಂಜಿನ್ ಕೇಳಿಸಿದರೆ ಬೈತಖೋಲ ಬಂದರಿನ ಯಾರೇ ಆದ್ರೂ ನಗ್ತಾರೆ.

ಸೂರಿನನೀರು_ಶಿರಸಿ

ತಮಾ, ಮಳೆಗೂ ಕಡಲಿನದ್ದೇ ರೋಗ. ಅಂಗಳದಲ್ಲಿ ನಿಂತರೆ ಸ್ಸ್ಸ್ ಅಷ್ಟೇ. ಮಳೆಯನ್ನು ಅದು ಬೀಳುವ ವಸ್ತುವಿಂದ ಕೇಳಿಸಬೇಕು. ಹೆಂಚಿನ ಸದ್ದು ಅಟ್ಟದಲ್ಲಿ, ಹೆಂಚಿಗೆ ಒಂದು ಮೊಳ ಕೆಳಗೆ ಮೈಕ್ ಇಟ್ಟು ಹಿಡಿ. ಸೂರಿನ ನೀರಿಗೆ ಕೆಳಗೆ ಅಡಿಕೆ ಹಾಳೆ ಇಟ್ಟರೆ ಟಪ್‌ಟಪ್ ಗಟ್ಟಿ, ಕೆಸುವಿನ ಎಲೆ ಇಟ್ಟರೆ ಮೆತ್ತಗೆ. ಮೈಕಿನ ಮೇಲೆ ಕೊಡೆ ಹಿಡಿದರೆ ಕೊಡೆಯ ಡಬಡಬವೇ ಬರ್ತದೆ. ಒಂದು ಬುಟ್ಟಿ ಮಗುಚಿ ಅದರ ಮೇಲೆ ತೆಂಗಿನ ನಾರನ್ನು ಮೂರು ಬೆರಳು ದಪ್ಪ ಹರವು, ಹನಿ ಸದ್ದಿಲ್ಲದೆ ಒಡೀತದೆ. ಅಜ್ಜ ಬಾಗಿಲು ದಾಟಿದ ಫ್ರೇಮಿಗೆ ಅಂಗಳದ ಮಳೆ ಕತ್ತರಿಸಿ ಅಟ್ಟದ ಮಳೆಗೆ ಹಾರು. ಆ ಒಂದು ಬದಲಾವಣೆಯೇ ಮನೆ ಕಟ್ಟಿಕೊಡ್ತದೆ.

ಈ ತೇವಕ್ಕೆ ಕಂಡೆನ್ಸರ್ ಮೈಕ್ ಪಟಪಟ ಅನ್ನಲಿಕ್ಕೆ ಶುರು ಮಾಡಿದರೆ ಹಾಳಾಯ್ತು ಅಂತ ಹೆದರಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಇಡು.

ಬ್ಯಾಕ್‌ಬೆಂಚ್_ಕಾರವಾರ

ಹೌದು, ಸದ್ದಿಗೆ ಕೊಟ್ಟ ವಿಡಿಯೊ 23.976ರದ್ದೇ! 120.12 ಮಾಡಿದೆ, ಕೊನೆಯ ಬೀಪ್ ಕೂತಿದೆ. ಇನ್ನೊಂದೇ ಪ್ರಶ್ನೆ. ಪ್ರದರ್ಶನ ಕಾಲೇಜಿನ ಸಭಾಂಗಣದಲ್ಲಿ, ಆಮೇಲೆ ಯೂಟ್ಯೂಬ್. ಎಷ್ಟು ಜೋರಿಗೆ ಮಿಕ್ಸ್ ಮಾಡಬೇಕು?

ಮಿಕ್ಸಿಂಗ್‌ಮನೆ

ಎರಡು ಫೈಲ್ ಮಾಡಿ. ಒಟ್ಟಾರೆ ಜೋರು ಅಳೆಯುವ ಮಾನ ಎಲ್‌ಯುಎಫ್‌ಎಸ್. ಯೂಟ್ಯೂಬ್ −14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ದದ್ದನ್ನು ತಗ್ಗಿಸುತ್ತದೆ, ಮೆತ್ತಗಿದ್ದದ್ದನ್ನು ಏರಿಸುವುದಿಲ್ಲ. ಮಾತಿಲ್ಲದ ಚಿತ್ರಕ್ಕೆ −18ರ ಆಸುಪಾಸು ಇದ್ದರೂ ನಡೆಯುತ್ತದೆ, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ಶಿಖರ) −1 ಡೆಸಿಬೆಲ್ ದಾಟದಿದ್ದರೆ ಆಯ್ತು. ಸಭಾಂಗಣದ್ದಕ್ಕೆ ಇನ್ನೂ ನಾಲ್ಕೈದು ಡೆಸಿಬೆಲ್ ಕೆಳಗಿಡಿ, ಜೋರು ಬೇಕಾದರೆ ಅಲ್ಲಿನ ಆಂಪ್ಲಿಫೈಯರ್ ಇದೆ.

ಮುಖ್ಯವಾಗಿ ಮಿಕ್ಸನ್ನು ಮೊನೊ ಮಾಡಿ ಒಮ್ಮೆ ಕೇಳಿ. ಎಷ್ಟೋ ಸಭಾಂಗಣಗಳಲ್ಲಿ ಎಡ ಬಲ ಎರಡನ್ನೂ ಒಂದೇ ತಂತಿಗೆ ಸೇರಿಸಿರುತ್ತಾರೆ. ಅಗಲ ಮಾಡಲಿಕ್ಕೆ ಸ್ಟೀರಿಯೊ ಪ್ಲಗಿನ್ ಹಾಕಿದ್ದರೆ ಅಲ್ಲಿ ಎಡವೂ ಬಲವೂ ಒಂದನ್ನೊಂದು ತಿಂದು ಕಡಲೇ ಮಾಯ. ಹಿಂದಿನ ದಿನ ಹೋಗಿ, ಕೊನೆಯ ಸಾಲಿನಲ್ಲಿ ಕೂತು, ಫ್ಯಾನ್ ಹಾಕಿಸಿಯೇ ಕೇಳಿ. ನೊರೆಯ ಚರಚರ ಫ್ಯಾನಿನಡಿ ಮುಳುಗಿದರೆ ಅದೊಂದನ್ನೇ 3 ಡೆಸಿಬೆಲ್ ಏರಿಸಿ.