ಹೊಡೆತ ತಿಂದು ಬಂದವಳಿಗೆ ಒಕ್ಕೂಟ ಏನು ಮಾಡಬಹುದು? ಅನುಭವ ಇದ್ದವರು ಹೇಳಿ

ಕೇಳಿದವರು: ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಕೂಟ) ಅಧ್ಯಕ್ಷೆ

ಹೋದ ತಿಂಗಳು ನಮ್ಮ ಸಂಘದ ಒಬ್ಬಳು ರಾತ್ರಿ ಮಗು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಬೆಳಿಗ್ಗೆ ಊರ ಹಿರಿಯರು ಸೇರಿ ಗಂಡನ ಬಾಯಲ್ಲಿ "ಇನ್ನು ಕೈ ಎತ್ತಲ್ಲ" ಅಂತ ಹೇಳಿಸಿ ಕಳಿಸಿದರು. ವಾರದೊಳಗೆ ಮತ್ತೆ ಅದೇ ಕತೆ. ರಾಜಿ ಮಾಡಿಸೋದು ಬಿಟ್ಟು ಒಕ್ಕೂಟ ಬೇರೆ ಏನು ಮಾಡಬಹುದು?

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ:

ಅಧ್ಯಕ್ಷರೇ, ಇಂಥ ಪಂಚಾಯ್ತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಲು ಗಂಡನಿಗೆ ಬುದ್ಧಿ ಹೇಳುತ್ತಾರೆ. ಎದ್ದು ಹೋಗುವಾಗ ಅವಳ ಕಡೆ ತಿರುಗಿ "ನೀನೂ ಸ್ವಲ್ಪ ಬಾಯಿ ಬಿಗಿ ಹಿಡಿ" ಅನ್ನುತ್ತಾರೆ. ಅಲ್ಲಿಗೆ ಅವನ ತಪ್ಪು ಅರ್ಧ ಮನ್ನಾ. ಮಾತು ತಪ್ಪಿದರೂ ಅವನಿಗೆ ಏನೂ ಆಗಲ್ಲ. ಅದೇ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೊಟ್ಟ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ಕಾಯ್ದೆಗೆ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಅಂದರೆ ತಾಲ್ಲೂಕಿನ ಸಿಡಿಪಿಒ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರು ಅಂಗನವಾಡಿ ನೋಡಿಕೊಳ್ಳುವವರು ಅಂತ ಮಾತ್ರ ಜನಕ್ಕೆ ಗೊತ್ತು. ಹಿಂಸೆ ನಡೆದಿದೆ ಅಂತ ಅವರಿಗೆ ಯಾರು ಬೇಕಾದರೂ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ. ಇದನ್ನು ನಿಮ್ಮ ಸಂಘದವರಿಗೆಲ್ಲ ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ.

ಸಿಡಿಪಿಒ ಬರೆದುಕೊಳ್ಳುವುದಕ್ಕೆ ಡಿಐಆರ್ ಅನ್ನುತ್ತಾರೆ, ಕೌಟುಂಬಿಕ ಘಟನಾ ವರದಿ. ಅದರಲ್ಲಿ ತಾರೀಕು ಕೇಳುತ್ತಾರೆ. ನೋವಿನಲ್ಲಿ ಇರುವವಳಿಗೆ ತಾರೀಕು ಎಲ್ಲಿ ನೆನಪಿರುತ್ತದೆ? "ಯುಗಾದಿ ಆದ ಮೇಲಾ? ಮಗಳ ಶಾಲೆ ಶುರುವಾದ ವಾರವಾ?" ಅಂತ ಕೇಳಿ, ತಾನಾಗಿ ಬರುತ್ತದೆ. ಅವಳು ಒಪ್ಪಿದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀಗ ಹಾಕಿಡಿ. ದಯವಿಟ್ಟು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ, ಅದನ್ನು ಊರೆಲ್ಲ ಓದುತ್ತದೆ. ಹೊಡೆತ ಮಾತ್ರ ಅಲ್ಲ, ಬೈಗುಳ, ದುಡ್ಡು ಕಿತ್ತುಕೊಳ್ಳೋದು, ಮನೆಖರ್ಚಿಗೆ ಕೊಡದೇ ಇರೋದು, ಎಲ್ಲವೂ ಆ ಕಾಯ್ದೆಯಲ್ಲಿ ಹಿಂಸೆಯೇ.

"ಮನೆ ಮಾವನ ಹೆಸರಲ್ಲಿದೆ, ನಿನಗೆ ಹಕ್ಕಿಲ್ಲ, ಹೊರಡು" ಅಂತ ಹೆದರಿಸುತ್ತಾರೆ. ಅತ್ತೆ ಮಾವನ ಮನೆಯಾದರೂ ಅವಳು ಸಂಸಾರ ಮಾಡಿದ ಮನೆಯಾದರೆ ವಾಸದ ಹಕ್ಕು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಕೀಲರ ಫೀಸಿಗೆ ಹೆದರಬೇಡಿ. ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟಿದ್ದರೂ ಸರಿ. ಕೇಸು ಮುಗಿಯೋದು ತಡ. ಅದಕ್ಕೇ ಅರ್ಜಿ ಹಾಕುವಾಗಲೇ ಮಧ್ಯಂತರ ಆದೇಶ ಕೇಳಿಸಿ.

ಸರ್ಕಾರಿ ಆಸ್ಪತ್ರೆಯ ನರ್ಸ್:

ಒಬ್ಬಳ ವಿಷಯ ಅಂತ ತಿಳಿಯಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಮ್ಮಲ್ಲಿಗೆ ಬರುವವರು "ಬಚ್ಚಲಲ್ಲಿ ಜಾರಿದೆ" ಅನ್ನುತ್ತಾರೆ, ಗಂಡ ಪಕ್ಕದಲ್ಲೇ ನಿಂತಿರುತ್ತಾನೆ. "ಬಿಪಿ ನೋಡಬೇಕು, ಸ್ವಲ್ಪ ಹೊರಗಿರಿ" ಅಂತ ಅವನನ್ನು ಕಳಿಸಿ ಆಮೇಲೆ ಕೇಳುತ್ತೇನೆ. ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ ಹಿಂಸೆಗೆ ಒಳಗಾದ ಹೆಂಗಸರಿಗೆ 'ದಿಲಾಸಾ' ಅಂತ ಸಲಹಾ ಕೇಂದ್ರ ಮಾಡಿದ್ದು ಇದೇ ಯೋಚನೆಯಿಂದ. ಪೊಲೀಸ್ ಠಾಣೆಗೆ ಹೋಗದವಳೂ ಗಾಯಕ್ಕೆ ಔಷಧಿ ಕೇಳಲು ಬರುತ್ತಾಳಲ್ಲ? ನಿಮ್ಮ ಆಶಾ ಕಾರ್ಯಕರ್ತೆಯನ್ನು ಜೊತೆ ಸೇರಿಸಿಕೊಳ್ಳಿ. ಗಾಯ ಹೇಗಾಯಿತು ಅನ್ನೋದು ಆಸ್ಪತ್ರೆ ಚೀಟಿಯಲ್ಲಿ ಬಂದಿದೆಯಾ ನೋಡಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ) ಮಾಡಿಸಿ.

ಇದನ್ನು ದಾಟಿ ಬಂದವಳು:

ನನ್ನ ಸಂಘದ ಪ್ರತಿನಿಧಿ ಅಕ್ಕ ಭಾಷಣ ಮಾಡಲಿಲ್ಲ. ನನ್ನ ಆಧಾರ್, ರೇಷನ್ ಕಾರ್ಡ್, ಮಕ್ಕಳ ಸರ್ಟಿಫಿಕೇಟ್, ಎಲ್ಲದರ ಜೆರಾಕ್ಸ್ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ನನ್ನ ಬ್ಯಾಂಕ್ ಖಾತೆಗೆ ಗಂಡನ ನಂಬರ್ ಕೊಟ್ಟಿತ್ತು, ಓಟಿಪಿ ಎಲ್ಲ ಅವನಿಗೇ. ಗೃಹಲಕ್ಷ್ಮಿಯ 2,000 ಬಂದಿದ್ದು ನನಗೆ ಗೊತ್ತಾಗುವಷ್ಟರಲ್ಲಿ ಖಾಲಿ. ಅಕ್ಕ ಜೊತೆಗೆ ಬಂದು ನಂಬರ್ ಬದಲಾಯಿಸಿದರು. ನನ್ನ ಹೆಸರಲ್ಲಿ ಸಾಲ ತೆಗೆದು ಅವನು ಕುಡಿದಿದ್ದ. ಸಂಘದವರು ಕಂತಿಗೆ ಟೈಮ್ ಕೊಟ್ಟರು. ಅದೊಂದು ಕೊಡದೇ ಇದ್ದಿದ್ದರೆ ನಾನು ಮೀಟಿಂಗಿಗೆ ಬರೋದೇ ಬಿಡುತ್ತಿದ್ದೆ. ಮಧ್ಯೆ ನಾನಾಗಿ ಗಂಡನ ಮನೆಗೆ ವಾಪಸ್ ಹೋದೆ, ಮತ್ತೆ ಬಂದೆ. "ನಾನು ಹೇಳಿರಲಿಲ್ವಾ" ಅಂತ ಅಕ್ಕ ಅನ್ನಲಿಲ್ಲ.

ಕಾಸರಗೋಡಿನಿಂದ:

ನಮ್ಮ ಕೇರಳದಲ್ಲಿ ಕುಟುಂಬಶ್ರೀ ಅಂತ ಹೆಂಗಸರ ಸ್ವಸಹಾಯ ಸಂಘಗಳ ಜಾಲ ಉಂಟು, ಅವರು 2013ರಲ್ಲಿ 'ಸ್ನೇಹಿತ' ಅಂತ ಶುರು ಮಾಡಿದರು. ಫೋನಿನಲ್ಲಿ ಸಲಹೆ ಕೊಡುತ್ತಾರೆ, ಸ್ವಲ್ಪ ದಿನ ಉಳಿಯಲೂ ಜಾಗ ಉಂಟು. ಉಳಿತಾಯ ಸಂಘದ ಬೆನ್ನಿಗೇ ಇದನ್ನು ಕಟ್ಟಿದ್ದು ಜಾಣತನ. "ಸಂಘದ ಲೆಕ್ಕಕ್ಕೆ ಹೋಗುತ್ತೇನೆ" ಅಂದರೆ ಮನೆಯಲ್ಲಿ ಯಾರೂ ತಡೆಯುವುದಿಲ್ಲ. ನಿಮ್ಮ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನಲ್ಲೂ (ಹಿಂಸೆಗೆ ಒಳಗಾದ ಹೆಂಗಸರಿಗೆ ಇರುವ ಸರ್ಕಾರಿ ನೆರವು ಕೇಂದ್ರ) ತಾತ್ಕಾಲಿಕವಾಗಿ ಉಳಿಯಬಹುದು. ಅಲ್ಲಿಯ ಮೇಡಂ ಅವರ ಪರಿಚಯ ಈಗಲೇ ಮಾಡಿಕೊಳ್ಳಿ, ರಾತ್ರಿ ಹನ್ನೊಂದಕ್ಕೆ ನಂಬರ್ ಹುಡುಕುತ್ತಾ ಕೂರುವ ಹಾಗೆ ಆಗಬಾರದು.

ಹೈಸ್ಕೂಲ್ ಮೇಷ್ಟ್ರು:

ಗಂಡಸರಿಗೂ ಕೆಲಸ ಕೊಡಿ. 2008ರಲ್ಲಿ 'ಬೆಲ್ ಬಜಾವೊ' ಅಂತ ಒಂದು ಪ್ರಚಾರ ಬಂದಿತ್ತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಅಷ್ಟೇ. ನಮ್ಮೂರಲ್ಲಿ ಬೆಲ್ ಎಲ್ಲಿದೆ? "ಹಾಲಿಗೆ ಹೆಪ್ಪು ಇದ್ದರೆ ಸ್ವಲ್ಪ ಕೊಡ್ತೀರಾ" ಅಂತ ಬಾಗಿಲು ಬಡಿಯುತ್ತೇವೆ. ಆ ಹೊತ್ತಿಗೆ ಕೈ ನಿಲ್ಲುತ್ತದೆ. ಅವನ ಕೈಯಲ್ಲಿ ಮಚ್ಚು ಗಿಚ್ಚು ಇದ್ದರೆ ಮಾತ್ರ ಹತ್ತಿರ ಹೋಗಬೇಡಿ, 112ಕ್ಕೆ ಫೋನ್ ಮಾಡಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಒಂದು ತೊಡಕು ಉಳಿದಿದೆ. ಅವಳ ಮೊಬೈಲ್ ಸದಾ ಗಂಡನ ಕೈಯಲ್ಲಿ. ವಿಷಯ ಮುಟ್ಟಿಸೋದು ಹೇಗೆ?

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ:

ವಾಟ್ಸಾಪ್ ಬೇಡ, ಮಿಸ್ಡ್ ಕಾಲ್ ಕೂಡ ಬೇಡ. ಮಗುವಿಗೆ ಅಂಗನವಾಡಿಯಿಂದ ಆಹಾರ ತಗೊಂಡು ಹೋಗಲು ಬರುತ್ತಾಳಲ್ವಾ, ಅಲ್ಲಿ ಮಾತಾಡಿ. ಮಹಿಳಾ ಸಹಾಯವಾಣಿ 181ಕ್ಕೆ ನಿಮ್ಮ ಫೋನಿನಿಂದಲೇ ಮಾತಾಡಿಸಿ. ಮೊದಲು ಅವಳಿಗೆ ಏನು ಬೇಕು ಕೇಳಿ. ದೂರು ಬೇಡ ಅಂದರೆ ಸುಮ್ನೆ ಎಳೆದುಕೊಂಡು ಹೋಗಬೇಡಿ. ಬೇಕು ಅಂದರೆ ಸಿಡಿಪಿಒ ಕಚೇರಿಗೆ ಸಂತೆ ದಿನ ಹೊರಡಿ. ಆವತ್ತು ತಾಲ್ಲೂಕಿನ ಬಸ್ಸು ಹತ್ತಿದರೆ ಎಲ್ಲಿಗೆ ಅಂತ ಯಾರೂ ಕೇಳಲ್ಲ.